ಗೋಡೆಯ ಯಾವ ಬದಿಗೆ?

ಗ್ಯಾಸ್ ಗೀಸರಿನ ಕೀರ್ತಿಯೆಲ್ಲ ನಿಂತಿರುವುದು ‘ಖರ್ಚು ಕಡಿಮೆ’ ಎಂಬ ಮಾತಿನ ಮೇಲೆ. ಅಂಗಡಿಯವರು ಹೇಳುತ್ತಾರೆ, ಪ್ಲಂಬರ್ ಹೇಳುತ್ತಾನೆ, ಹೊಸದಾಗಿ ಹಾಕಿಸಿಕೊಂಡ ಪಕ್ಕದ ಮನೆಯವರು ಎಲ್ಲರಿಗಿಂತ ಜೋರಾಗಿ ಹೇಳುತ್ತಾರೆ. ಅದರ ಅಪಕೀರ್ತಿಗೆ ಕಾರಣವಾದ ಸುದ್ದಿಯೂ ಹೆಚ್ಚುಕಡಿಮೆ ಒಂದೇ: ಚಳಿಗಾಲ ಬಂತೆಂದರೆ ಪತ್ರಿಕೆಯ ಒಳಪುಟದಲ್ಲಿ, ಸ್ನಾನಕ್ಕೆ ಹೋದವರು ಬಾಗಿಲು ತೆಗೆಯಲೇ ಇಲ್ಲ ಎಂದು ನಾಲ್ಕು ಸಾಲು. ಕೀರ್ತಿಯನ್ನು ನಂಬಿದವರು ಕೊಳ್ಳುತ್ತಾರೆ, ಅಪಕೀರ್ತಿಯನ್ನು ನಂಬಿದವರು ಹೆದರುತ್ತಾರೆ. ಯಂತ್ರವನ್ನು ಮನೆಯ ಯಾವ ಜಾಗದಲ್ಲಿ ತೂಗುಹಾಕಿದ್ದಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ವಿಮರ್ಶೆ ಆಗಬೇಕಾದದ್ದು ಅಲ್ಲಿ ಎಂಬುದು ನನ್ನ ವಾದ. ತೀರ್ಪನ್ನೂ ಮೊದಲೇ ಹೇಳಿಬಿಡುತ್ತೇನೆ: ಬಚ್ಚಲಿನ ಹೊರಗಿದ್ದರೆ ಇದು ಒಳ್ಳೆಯ ಯಂತ್ರ; ಒಳಗಿದ್ದರೆ ಯಾವ ಕಂಪನಿಯದಾದರೂ ಬೇಡ.

ಮೊದಲು ಆ ಖರ್ಚಿನ ಮಾತು. ಟ್ಯಾಂಕ್ ಇಲ್ಲದ ಗೀಸರಿಗೆ ಅಮೆರಿಕದಂಥ ಕಡೆ ಹೆಸರು ಬಂದದ್ದಕ್ಕೆ ಸಕಾರಣವಿದೆ. ಅಲ್ಲಿನ ಮನೆಗಳಲ್ಲಿ ನೂರೈವತ್ತು, ಇನ್ನೂರು ಲೀಟರಿನ ಟ್ಯಾಂಕು ಹಗಲೂ ರಾತ್ರಿ ನೀರನ್ನು ಬಿಸಿಯಾಗಿಯೇ ಇಟ್ಟಿರುತ್ತದೆ. ಬಳಸದ ಹೊತ್ತಿನಲ್ಲೂ ಶಾಖ ಸೋರುತ್ತಲೇ ಇರುತ್ತದೆ. ಟ್ಯಾಂಕ್ ತೆಗೆದರೆ ಆ ಸೋರಿಕೆ ತಪ್ಪುತ್ತದೆ. ನಮ್ಮಲ್ಲಿ ಯಾರ ಮನೆಯಲ್ಲಿ ಹಾಗೆ ನಡೆಯುತ್ತದೆ? ಹದಿನೈದು ಲೀಟರಿನ ಕರೆಂಟ್ ಗೀಸರಿನ ಸ್ವಿಚ್ ಹಾಕಿ, ಹಲ್ಲುಜ್ಜಿ, ಕಾಫಿ ಕುಡಿದು, ಸ್ವಿಚ್ ಆರಿಸಿಯೇ ಸ್ನಾನಕ್ಕೆ ಇಳಿಯುವ ಜನ ನಾವು. ಆರಿಸುವುದನ್ನು ಮರೆತರೆ ಮನೆಯಲ್ಲಿ ಬೈಗುಳ. ಇಲ್ಲದ ಸೋರಿಕೆಯನ್ನು ತಪ್ಪಿಸಿಕೊಡುತ್ತೇನೆಂದು ಬಂದ ಯಂತ್ರವನ್ನು ನಾವು ಆ ಗುಣಕ್ಕಾಗಿಯೇ ಹೊಗಳುತ್ತಿದ್ದೇವೆ.

ಲೆಕ್ಕ ಹಾಕಿಯೇ ನೋಡಬಹುದು. ಹದಿನೈದು ಲೀಟರಿನ ಒಂದು ಬಕೆಟ್ ನೀರಿನ ಬಿಸಿಯನ್ನು ಇಪ್ಪತ್ತು ಡಿಗ್ರಿ ಏರಿಸಲು ಸುಮಾರು 35 ಗ್ರಾಂ ಎಲ್‌ಪಿಜಿ ಉರಿಯುತ್ತದೆ. ಕೆ.ಜಿ.ಗೆ 60 ರೂಪಾಯಿ ಎಂದು ಹಿಡಿದರೆ ಎರಡು ರೂಪಾಯಿಯ ಮೇಲೆ ಸ್ವಲ್ಪ. ಅದೇ ಕೆಲಸಕ್ಕೆ ಕರೆಂಟಾದರೆ 0.4 ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿಯಂತೆ ಎರಡೂವರೆಯ ಒಳಗೆ. ಬಕೆಟ್ಟಿಗೆ ನಾಲ್ಕಾಣೆಯ ವ್ಯತ್ಯಾಸ. ಸಿಲಿಂಡರಿಗೆ ಸಬ್ಸಿಡಿ ಇದ್ದ ಕಾಲದಲ್ಲಿ ಈ ಅಂತರ ದೊಡ್ಡದಿತ್ತು, ಕೀರ್ತಿ ಹುಟ್ಟಿದ್ದೂ ಆಗಲೇ. 2012ರಲ್ಲಿ ವರ್ಷಕ್ಕೆ ಇಷ್ಟೇ ಸಬ್ಸಿಡಿ ಸಿಲಿಂಡರ್ ಎಂದು ಮಿತಿ ಬಂತು, 2020ರಿಂದ ಸಾಮಾನ್ಯ ಗ್ರಾಹಕರಿಗೆ ಸಬ್ಸಿಡಿಯೇ ಬಹುಮಟ್ಟಿಗೆ ನಿಂತಿತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ ಯೋಜನೆಯ ಮಿತಿಯೊಳಗಿರುವ ಮನೆಗೆ ಕರೆಂಟಿನ ಬಕೆಟ್ ಪುಕ್ಕಟೆ. ಬಾಯಿಮಾತು ಮಾತ್ರ ಇನ್ನೂ ಹಳೆಯ ದರದಲ್ಲೇ ಓಡಾಡುತ್ತಿದೆ.

ಹಾಗೆಂದು ಈ ಯಂತ್ರಕ್ಕೆ ಗುಣವಿಲ್ಲ ಎನ್ನಲಾರೆ. ಕರೆಂಟ್ ಹೋದರೂ ಬಿಸಿನೀರು ಬರುತ್ತದೆ. ಕಿಡಿ ಹಾರಿಸಲು ಎರಡು ದೊಡ್ಡ ಸೆಲ್ ಸಾಕು. ಮನೆ ತುಂಬ ನೆಂಟರಿದ್ದರೂ ಕಡೆಯವರಿಗೆ ತಣ್ಣೀರೇ ಗತಿ ಎಂಬಂತಾಗುವುದಿಲ್ಲ. ದೋಷಗಳೂ ಗೊತ್ತಿರುವಂಥವೇ. ಮೇಲಿನ ಮಹಡಿಯಲ್ಲಿ ಟ್ಯಾಂಕಿನ ಎತ್ತರ ಸಾಲದೆ ನೀರಿನ ಒತ್ತಡ ಕಡಿಮೆಯಾದರೆ ಉರಿ ಹತ್ತುವುದೇ ಇಲ್ಲ. ಶವರಿನಲ್ಲಿ ತಣ್ಣೀರು ಬೆರೆಸಲು ಹೋದರೆ ಗೀಸರಿನೊಳಗಿನ ಹರಿವು ಇಳಿದು, ಉರಿ ಆರಿ, ಸೋಪು ಹಚ್ಚಿದ ಮೈಮೇಲೆ ಥಂಡಿ ನೀರು ಬೀಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಒಳಗಿನ ತಾಮ್ರದ ಕೊಳವೆಯಲ್ಲಿ ಉಪ್ಪು ಕಟ್ಟುತ್ತದೆ. ಇವೆಲ್ಲ ಕಿರಿಕಿರಿಗಳು, ಇವುಗಳ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ.

ನಾನು ಜಗ್ಗಾಡಬೇಕೆಂದಿರುವುದು ಒಂದು ಸಣ್ಣ ವಿವರದ ಜೊತೆ. ಇಲ್ಲಿ ಮಾರಾಟವಾಗುವ ಹಲವು ಗ್ಯಾಸ್ ಗೀಸರುಗಳಲ್ಲಿ ‘ಇಪ್ಪತ್ತು ನಿಮಿಷದ ಟೈಮರ್’ ಎಂಬ ಸುರಕ್ಷಾ ವ್ಯವಸ್ಥೆ ಇರುತ್ತದೆ. ಸತತ ಇಪ್ಪತ್ತು ನಿಮಿಷ ಉರಿದರೆ ಗ್ಯಾಸ್ ತಾನಾಗಿ ನಿಲ್ಲುತ್ತದೆ. ಅಂಗಡಿಯಲ್ಲಿ ಇದನ್ನು ತೋರಿಸಿಯೇ ಮಾರುತ್ತಾರೆ, ಕೊಳ್ಳುವವರೂ ಸಮಾಧಾನಗೊಳ್ಳುತ್ತಾರೆ.

ಈ ಇಪ್ಪತ್ತು ನಿಮಿಷದಲ್ಲಿ ಏನೇನು ನಡೆಯುತ್ತದೆ? ನಿಮಿಷಕ್ಕೆ ಆರು ಲೀಟರ್ ಕೊಡುವ ಗೀಸರ್ ಗಂಟೆಗೆ ಸುಮಾರು ಒಂದು ಕೆ.ಜಿ. ಗ್ಯಾಸ್ ಉರಿಸುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಸರಿಯಾಗಿ ಉರಿಯಲು ಹನ್ನೆರಡು ಘನ ಮೀಟರ್ ಗಾಳಿ ಬೇಕು. ಐದು ಅಡಿ ಅಗಲ, ಏಳು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿ ಒಟ್ಟು ಒಂಬತ್ತು ಘನ ಮೀಟರಿಗೆ ಹತ್ತಿರ. ಬಾಗಿಲು, ವೆಂಟಿಲೇಟರ್ ಪೂರ್ತಿ ಮುಚ್ಚಿವೆ ಎಂದಿಟ್ಟುಕೊಂಡರೆ, ಗಾಳಿಯ ಆಮ್ಲಜನಕ ಶೇ 21ರಿಂದ 18ಕ್ಕೆ ಇಳಿಯಲು ಆರೇಳು ನಿಮಿಷ ಸಾಕು. ಅಂದರೆ ಎರಡು ಬಕೆಟ್ ನೀರು ತುಂಬುವ ಹೊತ್ತು. ಆ ಮಟ್ಟದ ಆಸುಪಾಸಿನಲ್ಲಿ ಉರಿ ಕೆಡುತ್ತದೆ, ಕಾರ್ಬನ್ ಡೈಆಕ್ಸೈಡಿನ ಜೊತೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚೆಚ್ಚು ಹುಟ್ಟುತ್ತದೆ. ಬರ್ನರ್ ಹೊರಬಿಟ್ಟ ಅನಿಲವೇ ಮತ್ತೆ ಬರ್ನರಿಗೆ ಗಾಳಿಯಾಗಿ ಹೋಗುವುದರಿಂದ ಕೆಟ್ಟ ಉರಿ ಇನ್ನಷ್ಟು ಕೆಡುತ್ತದೆ. ನಿಜವಾದ ಬಚ್ಚಲು ಇಷ್ಟು ಬಿಗಿಯಾಗಿರುವುದಿಲ್ಲ, ಒಪ್ಪೋಣ. ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ಬರುತ್ತದೆ. ಆದರೆ ಬಚ್ಚಲು ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದು ಟೈಮರಿಗೆ ತಿಳಿಯದು. ಅದು ಎಣಿಸುವುದು ಗಡಿಯಾರದ ನಿಮಿಷಗಳನ್ನು, ಗಾಳಿಯನ್ನಲ್ಲ.

ಇನ್ನೂ ಕೆಟ್ಟದ್ದೊಂದಿದೆ. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಟೈಮರ್ ಸೊನ್ನೆಯಿಂದ ಎಣಿಕೆ ಶುರುಮಾಡುತ್ತದೆ. ಗಾಳಿ ಸೊನ್ನೆಯಿಂದ ಶುರುವಾಗುವುದಿಲ್ಲವಲ್ಲ. ದೀಪಾವಳಿಯ ಬೆಳಗಿನ ಜಾವ ನೆನೆಸಿಕೊಳ್ಳಿ. ಮೈಗೆಲ್ಲ ಎಣ್ಣೆ, ಹೊರಗೆ ಚಳಿ, ಬಾಗಿಲಿಗೆ ಚಿಲಕ, ಸೊಳ್ಳೆ ಬರುತ್ತದೆಂದು ವೆಂಟಿಲೇಟರಿಗೆ ಪ್ಲಾಸ್ಟಿಕ್ ಹಾಳೆ. ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋಗುತ್ತಾರೆ. ಯಾರ ಸರದಿಯೂ ಇಪ್ಪತ್ತು ನಿಮಿಷ ದಾಟುವುದಿಲ್ಲ, ಟೈಮರ್ ಒಮ್ಮೆಯೂ ಕೆಲಸ ಮಾಡುವುದಿಲ್ಲ. ನಡುವೆ ಬಾಗಿಲು ತೆರೆದಾಗ ಸ್ವಲ್ಪ ಗಾಳಿ ಬದಲಾಗುತ್ತದೆ, ಅಷ್ಟೆ. ಮೊದಲಿಬ್ಬರ ಉರಿಯ ಉಳಿಕೆಯನ್ನು ಉಸಿರಾಡುವವರು ಮೂರನೆಯವರು, ನಾಲ್ಕನೆಯವರು. ಸಾಮಾನ್ಯವಾಗಿ ಎಲ್ಲರಿಗೂ ನೀರು ಹಾಕಿ ಕೊನೆಗೆ ಹೋಗುವ ಮನೆಯ ಹೆಂಗಸು. ಟೈಮರ್ ಇರುವುದು, ನಲ್ಲಿ ನಿಲ್ಲಿಸಲು ಮರೆತ ಮನುಷ್ಯನಿಗಾಗಿ. ಅವನ ಸಿಲಿಂಡರನ್ನು ಅದು ಉಳಿಸಬಹುದು. ಉಸಿರಿನ ಜೊತೆ ಅದಕ್ಕೆ ಸಂಬಂಧವೇ ಇಲ್ಲ.

ಮೂಗನ್ನು ನಂಬುವಂತೆಯೂ ಇಲ್ಲ. ಎಲ್‌ಪಿಜಿಗೆ ಈಥೈಲ್ ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ, ಸೋರಿದರೆ ನಾರುತ್ತದೆ. ಅಡುಗೆಮನೆಯಲ್ಲಿ ಇದು ನಮ್ಮನ್ನು ಎಷ್ಟು ಚೆನ್ನಾಗಿ ಪಳಗಿಸಿದೆಯೆಂದರೆ, ವಾಸನೆ ಇಲ್ಲದಿದ್ದರೆ ಗ್ಯಾಸಿನ ಅಪಾಯವಿಲ್ಲ ಎಂದೇ ತಿಳಿದಿದ್ದೇವೆ. ಬಚ್ಚಲಿನ ಅಪಾಯ ಉರಿಯದ ಗ್ಯಾಸಿನದಲ್ಲ, ಅರ್ಧ ಉರಿದದ್ದರದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುವುದರಲ್ಲಿ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಚುರುಕು. ತಲೆ ಸುತ್ತುತ್ತದೆ, ಕಾಲು ಸೋಲುತ್ತದೆ, ಚಿಲಕ ತೆಗೆಯುವಷ್ಟು ಶಕ್ತಿ ಉಳಿಯುವುದಿಲ್ಲ. ನಮ್ಮ ನಾಡಿನಲ್ಲಿ ಇದರ ಜೊತೆ ಇನ್ನೊಂದು ಗೊಂದಲ ಸೇರಿದೆ. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಅಪಸ್ಮಾರ ದಕ್ಷಿಣ ಕರ್ನಾಟಕದಲ್ಲಿ ಬೇರೆಡೆಗಿಂತ ಹೆಚ್ಚು. ನಿಮ್ಹಾನ್ಸ್‌ನ ವೈದ್ಯರು ಅದನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಹಾಗಾಗಿ ಬಚ್ಚಲಲ್ಲಿ ಒಬ್ಬರು ಬಿದ್ದು ಕೈಕಾಲು ಸೆಟೆದರೆ ಮನೆಯವರು ಮೂರ್ಛೆರೋಗ ಎನ್ನುತ್ತಾರೆ, ಮಾತ್ರೆ ಶುರುವಾಗುತ್ತದೆ, ಗೀಸರ್ ಅದೇ ಗೋಡೆಯ ಮೇಲೆ ಉಳಿಯುತ್ತದೆ.

ಇಷ್ಟಾದರೂ ಪ್ರತಿ ಸಾವಿನ ಮರುದಿನ ಬರುವ ಸಲಹೆ ಒಂದೇ: ‘ಕಿಟಕಿ ತೆರೆದಿಡಿ.’ ಇದನ್ನು ಬರೆಯುವವರ ಜೊತೆ ನನಗೆ ದೊಡ್ಡ ಜಗಳವಿದೆ. ಬೆತ್ತಲೆ ಮೈಯಲ್ಲಿ ಒದ್ದೆಯಾಗಿ ನಿಂತವರು ಡಿಸೆಂಬರಿನಲ್ಲಿ ಕಿಟಕಿ ತೆರೆದಿಡಬೇಕು. ಆ ಕಿಟಕಿ ಎದುರುಮನೆಯ ಗೋಡೆಗೆ ಮೂರಡಿ ದೂರದಲ್ಲಿರುತ್ತದೆ. ಯಾರೂ ಪಾಲಿಸಲಾಗದ ನಿಯಮ ಮಾಡಿ, ಪಾಲಿಸಲಿಲ್ಲವೆಂದು ಸತ್ತವರ ಮೇಲೇ ತಪ್ಪು ಹೊರಿಸುವ ಉಪಾಯ ಇದು. ಇನ್ನು ಕೆಲವರು, ವಿಷಾನಿಲ ಭಾರ, ನೆಲಕ್ಕೆ ಇಳಿಯುತ್ತದೆ, ಬಾಗಿಲ ಕೆಳಗೆ ಸಂದಿ ಬಿಡಿ ಎನ್ನುತ್ತಾರೆ. ನೆಲಕ್ಕಿಳಿಯುವುದು ಸೋರಿದ ಎಲ್‌ಪಿಜಿ. ಕಾರ್ಬನ್ ಮೊನಾಕ್ಸೈಡ್ ಗಾಳಿಗಿಂತ ಒಂದು ಕೂದಲಷ್ಟು ಹಗುರ, ಕೋಣೆಯೆಲ್ಲ ಬೆರೆತುಹೋಗುತ್ತದೆ. ಎರಡು ಬೇರೆ ಅನಿಲಗಳನ್ನು ಒಂದು ಮಾಡಿ ಉಪದೇಶ ಕೊಡುವವರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಇವರಿಗಿಂತಲೂ ನನಗೆ ಸಿಟ್ಟು ಬರಿಸುವವರು ಹಂಡೆಯ ಭಕ್ತರು. ತಾಮ್ರದ ಹಂಡೆ, ಅಡಿಕೆ ಸಿಪ್ಪೆಯ ಬೆಂಕಿ, ನೀರು ತುಂಬುವ ಹಬ್ಬದ ಸಂಜೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹೊಳಪು, ಆ ನೀರಿನ ಹಿತ! ಅಂಕಣಗಳಲ್ಲಿ ಈ ಹಂಡೆ ಎಂದೂ ತಣ್ಣಗಾಗುವುದೇ ಇಲ್ಲ. ನಾಲ್ಕು ಗಂಟೆಗೆ ಎದ್ದು ಆ ಒಲೆ ಊದಿದವರು ಯಾರು, ಹಸಿ ಸೌದೆಯ ಹೊಗೆಗೆ ಕಣ್ಣು ಕೆಂಪಾದದ್ದು ಯಾರದು ಎಂಬುದು ಆ ಬರಹಗಳಲ್ಲಿ ಬರುವುದಿಲ್ಲ. ಬರೆಯುವವರು ಆಗ ಹೊದ್ದು ಮಲಗಿದ್ದರು. ಹೋಗಲಿ, ಹಳಹಳಿಕೆ ಅವರ ಹಕ್ಕು. ಆದರೆ ಹಳೆಯದನ್ನು ಹೊಗಳುವಾಗಲಾದರೂ ಅದರ ಜಾಣತನವನ್ನು ಗುರುತಿಸಬೇಡವೇ? ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬಚ್ಚಲೊಲೆಯ ಬಾಯಿ ಗೋಡೆಯ ಹೊರಬದಿಗಿತ್ತು. ಹಂಡೆ ಒಳಗೆ, ಬೆಂಕಿ ಹೊರಗೆ. ಒಲೆ ಒಳಗಿದ್ದ ಕಡೆ ಬಚ್ಚಲಿಗೆ ಬಿಗಿಯಾದ ತಾರಸಿ ಇರಲಿಲ್ಲ, ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು. ಹೋಗದಿದ್ದರೆ ಕೆಮ್ಮು ಬಂದು ಮನುಷ್ಯನೇ ಹೊರಗೋಡುತ್ತಿದ್ದ. ತಾಮ್ರದ ರುಚಿಯ ಬಗ್ಗೆ ಪುಟಗಟ್ಟಲೆ ಬರೆದವರ ಕಣ್ಣಿಗೆ ಈ ಗೋಡೆ ಬೀಳಲಿಲ್ಲ. ಬಿದ್ದಿದ್ದರೆ ಗ್ಯಾಸ್ ಗೀಸರ್ ಊರಿಗೆ ಬಂದ ದಿನವೇ ಅವರು ಹೇಳಬಹುದಿತ್ತು, ಬೆಂಕಿಯನ್ನು ಹೊರಗಿಡಿ ಎಂದು.

ಬೆಂಕಿಯನ್ನು ಒಳಗಿಡುವ ಈ ತಪ್ಪು ಹೊಸದೂ ಅಲ್ಲ. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮೌನ್ ಮಾಡಿದ ಮೊದಲ ಗ್ಯಾಸ್ ಗೀಸರಿಗೆ ಹೊಗೆಕೊಳವೆಯೇ ಇರಲಿಲ್ಲ. ಆಮೇಲೆ ಜರ್ಮನಿಯ ಹ್ಯೂಗೋ ಯುಂಕರ್ಸ್ ಮೊದಲಾದವರು ಯಂತ್ರವನ್ನು ಸುಧಾರಿಸಿದರು. ಕ್ರಮೇಣ ಬೆಂಕಿಯ ಗಾಳಿ ಬೇರೆ, ಮನುಷ್ಯನ ಗಾಳಿ ಬೇರೆ ಎಂಬ ತತ್ವಕ್ಕೆ ಲೋಕ ಬಂತು. ಜಪಾನಿನಲ್ಲಿ ಇಂದು ಗೀಸರ್ ಸಾಮಾನ್ಯವಾಗಿ ಮನೆಯ ಹೊರಗೋಡೆಯ ಮೇಲಿರುತ್ತದೆ. ಅಲ್ಲಿಯೂ ಪಾಠ ಅಗ್ಗವಾಗಿ ಸಿಗಲಿಲ್ಲ: ಮನೆಯೊಳಗಿನ ಗೀಸರುಗಳ ಸುರಕ್ಷಾ ಸರ್ಕ್ಯೂಟನ್ನು ರಿಪೇರಿಯವರು ಬೈಪಾಸ್ ಮಾಡಿದ್ದರಿಂದ ಇಪ್ಪತ್ತು ವರ್ಷಗಳಲ್ಲಿ ಹಲವರು ಸತ್ತದ್ದು 2006ರಲ್ಲಿ ಬಯಲಾಯಿತು. ನಮ್ಮಲ್ಲಿ ಐಎಸ್‌ಐ ಗುರುತು ಯಂತ್ರಕ್ಕಿದೆ, ಅದನ್ನು ಹೊತ್ತ ಗೋಡೆಗಿಲ್ಲ. ಬಚ್ಚಲೊಳಗೆ ಹಾಕಬೇಡಿ ಎಂದು ಪೆಟ್ಟಿಗೆಯೊಳಗಿನ ಪುಸ್ತಿಕೆ ಹೇಳುತ್ತದೆ. ಪುಸ್ತಿಕೆ ಪೆಟ್ಟಿಗೆಯ ಜೊತೆ ಗುಜರಿಗೆ ಹೋಗುತ್ತದೆ.

ಹೊರಗೆ ಹಾಕಿ ಎಂದರೆ ಪ್ಲಂಬರ್ ತಲೆ ಅಲ್ಲಾಡಿಸುತ್ತಾನೆ: ಪೈಪು ಉದ್ದವಾಗುತ್ತೆ ಸಾರ್, ಬಿಸಿನೀರು ಬರೋದು ತಡವಾಗುತ್ತೆ, ನೀರು ವೇಸ್ಟು. ಇದಕ್ಕೂ ಲೆಕ್ಕವಿದೆ. ಅಡುಗೆಮನೆಯ ಹಿಂದಿನ ಯುಟಿಲಿಟಿಯಿಂದ ಬಚ್ಚಲಿಗೆ ಹತ್ತು ಮೀಟರ್ ಎನ್ನಿ. ಅರ್ಧ ಇಂಚಿನ ಪೈಪಿನಲ್ಲಿ ಅಷ್ಟು ದೂರಕ್ಕೆ ನಿಲ್ಲುವ ನೀರು ಒಂದೂವರೆ ಲೀಟರ್ ದಾಟದು. ಎರಡು ಚೊಂಬು. ಅದನ್ನು ಬಕೆಟ್ಟಿಗೇ ಹಿಡಿದರೆ ಒಂದು ಹನಿಯೂ ಪೋಲಾಗುವುದಿಲ್ಲ. ಹೇಗೂ ಬೆರಕೆಗೆ ತಣ್ಣೀರು ಬೇಕು. ಉಳಿಯುವ ಖರ್ಚು ಒಂದಿಷ್ಟು ಪೈಪು, ಗೋಡೆಗೆ ಒಂದು ತೂತು, ಅರ್ಧ ದಿನದ ಕೂಲಿ. ಯುಟಿಲಿಟಿ, ಬಾಲ್ಕನಿ ಎರಡೂ ಇಲ್ಲದ ಬಾಡಿಗೆ ಮನೆಯಾದರೆ, ಅಥವಾ ತೂತು ಕೊರೆಯಲು ಮಾಲೀಕರು ಒಪ್ಪದಿದ್ದರೆ, ಬಕೆಟ್ಟಿಗೆ ಆ ನಾಲ್ಕಾಣೆ ಹೆಚ್ಚು ಕೊಟ್ಟು ಕರೆಂಟ್ ಗೀಸರನ್ನೇ ಇಟ್ಟುಕೊಳ್ಳುವುದು ಮೇಲು.