ಶೋಕವೂ ಶ್ಲೋಕವೂ: ಬೇಂದ್ರೆಯವರ ಒಂದು ಕವಿತೆ

ಆದಿಕವಿಯ ಶೋಕವೇ ಶ್ಲೋಕವಾಯಿತೆಂಬ ಮಾತು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದುದೇ. ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಆ ಕ್ರೌಂಚದ ಕಥೆಯನ್ನು ಎತ್ತಿಕೊಂಡನು. ಅದಕ್ಕೆ ವ್ಯಾಖ್ಯಾನವನ್ನು ರಚಿಸಿದ ಅಭಿನವಗುಪ್ತನಾದರೋ, ಆ ಶೋಕವನ್ನು ಮುನಿಯ ಸ್ವಂತ ಶೋಕವೆಂದು ಎಣಿಸಬಾರದೆಂದು ಎಚ್ಚರಿಸಿದನು. ತಾನೇ ದುಃಖದಲ್ಲಿ ಬೇಯುತ್ತಿರುವವನಿಗೆ ಕಾವ್ಯವು ಹೇಗೆ ಒದಗೀತು ಎಂಬುದು ಆತನ ಆಕ್ಷೇಪ. ಹಾಗಾದರೆ, ಮಗುವನ್ನು ಕಳೆದುಕೊಂಡ ತಂದೆಯೇ ಬರೆದ ಕವಿತೆಯನ್ನು ಏನೆನ್ನಬೇಕು?

ದ. ರಾ. ಬೇಂದ್ರೆಯವರು (1896-1981) ಒಂದಲ್ಲ, ಹಲವು ಮಕ್ಕಳ ಸಾವನ್ನು ಕಂಡವರು. ಅವರ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬುದು ಕೂಸಿನ ಸಾವನ್ನು ಎದುರಿಗಿಟ್ಟುಕೊಂಡು ಗಂಡನು ಹೆಂಡತಿಗೆ ಆಡುವ ಮಾತು. ಇಲ್ಲಿ ಕವಿಯು ತನ್ನ ನೋವನ್ನು ಅಳೆದು ತೋರಿಸಲು ಹೋಗುವುದಿಲ್ಲ. ಅವನು ನೋಡುವುದು ಆಕೆಯ ಕಣ್ಣನ್ನು. ಆ ನೋಟವನ್ನು ತಾಳಲಾರದುದರಲ್ಲಿಯೇ ಅವನ ದುಃಖವು ನಮಗೆ ತಿಳಿಯುವುದು. ತನ್ನ ಶೋಕವನ್ನು ಇನ್ನೊಬ್ಬರ ಮುಖದಲ್ಲಿ ಕಂಡವನು ಅರ್ಧ ಸಹೃದಯನಾಗಿಬಿಡುತ್ತಾನೆ. ಅಭಿನವಗುಪ್ತನು ಬೇಡಿದ ದೂರವು ಹೀಗೆ, ಒಂದೇ ಮನೆಯೊಳಗೆ, ಎರಡು ಮಾರಿನ ಅಂತರದಲ್ಲಿ ಒದಗಿತೆಂದು ನಮಗೆ ತೋರುತ್ತದೆ.

ಹುಣ್ಣಿಮೆಯ ಚಂದ್ರನನ್ನು ಹಗಲಿನ ಬಾನಿನಲ್ಲಿ ಹೆಣವಾಗಿ ಕಾಣುವ ಉಪಮೆಯು ಇಂತಹ ಸಮಯಕ್ಕೆ ಅತಿಯಾಯಿತೆಂದು ಮಿತ್ರರೊಬ್ಬರು ಹೇಳುವುದುಂಟು. ಹಿಂದೆ ನಮಗೂ ಹಾಗೆಯೇ ಅನಿಸಿತ್ತು. ಆದರೆ ಸಾವಿನ ಮನೆಯಲ್ಲಿ ರಾತ್ರಿಯೆಲ್ಲ ಕುಳಿತು ಬೆಳಗಾದ ಮೇಲೆ ಅಂಗಳಕ್ಕೆ ಬಂದವನಿಗೆ ಆಕಾಶದ ಆ ಬಿಳಿಚಿದ ಬಿಂಬವು ಬೇರೇನಾಗಿ ಕಂಡೀತು? ಅದು ಅಲಂಕಾರವಲ್ಲ, ಕಂಡದ್ದು.

ಇನ್ನೊಂದು ವಿಶೇಷ. ಇಲ್ಲಿ ವೇದಾಂತದ ಸಾಂತ್ವನವು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದೇವರ ಇಚ್ಛೆಯ ಮಾತು ಬಂದರೂ ಅದು ಕೆಲಸಕ್ಕೆ ಬಾರದೆ ಹಿಂದೆ ಸರಿಯುತ್ತದೆ. ಕಡೆಯಲ್ಲಿ ಗಂಡನು ಕೇಳಿಕೊಳ್ಳುವುದು ಇಷ್ಟೇ: ಬಿಕ್ಕನ್ನು ತಡೆಯಬೇಡ, ಅತ್ತುಬಿಡು.

ತ್ಯಾವಣಿಗೆಯಲ್ಲಿ ನಮ್ಮ ಬಂಧುಗಳ ಮನೆಯೊಂದರಲ್ಲಿ ಎಳೆಯ ಮಗುವೊಂದು ತೀರಿಕೊಂಡಾಗ, ಬಂದವರೆಲ್ಲರೂ ತಾಯಿಗೆ ಹೇಳಿದ್ದು ಇದಕ್ಕೆ ವಿರುದ್ಧವಾದ ಮಾತನ್ನೇ: ಅಳಬೇಡ, ಗಟ್ಟಿಯಾಗು. ಆಕೆ ಗಟ್ಟಿಯಾಗಿಯೇ ಇದ್ದಳು, ಅದೇ ಭಯವಾಗಿತ್ತು. ಕೆಲವು ತಿಂಗಳ ಮೇಲೆ ಒಂದು ಸಂಜೆ ಅದೇ ಮನೆಯಲ್ಲಿ ಈ ಕವಿತೆಯನ್ನು ಓದುವ ಪ್ರಸಂಗ ಬಂದಿತು. ಓದಬಾರದಿತ್ತೇನೋ ಎಂದು ನಡುವೆಯೇ ಅಳುಕಿದೆವು. ಧಾರವಾಡದ ಮಾತು ನಮ್ಮ ಸೀಮೆಯವರಿಗೆ ಪರಕೀಯವಲ್ಲವಾದ್ದರಿಂದ ಯಾರೂ ಅರ್ಥವನ್ನು ಕೇಳಲಿಲ್ಲ. ಆ ತಾಯಿ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅಳು ಕೇಳಿಸಿತು. ಯಾರೂ ತಡೆಯಲು ಹೋಗಲಿಲ್ಲ.

ಮನೆಯ ಅಜ್ಜಿ ಮಾತ್ರ ಮೆಲ್ಲನೆ ಕೇಳಿದರು, “ಆ ಪದ್ಯದಾಗಿನ ಹೆಣ್ಣುಮಗಳು ಆಮೇಲೆ ಅತ್ತಳೇನು?”

ಕವಿತೆಯು ಅದನ್ನು ಹೇಳುವುದಿಲ್ಲ.