ಹೆಬ್ಬೆರಳಿಗೆ ಸಿಕ್ಕ ಬೆಟ್ಟ

ನೀಲಗುಂದದ ಬಯಲಲ್ಲಿ ಟ್ರ್ಯಾಕ್ಟರ್ ಓಡಿಸಿ ಪಳಗಿದವರಿಗೆ ಮಡಿಕೇರಿ ಸುತ್ತಿನ ಕಾಫಿ ತೋಟದ ಕ್ವಾಡ್ ಬೈಕು ಮೊದಲು ಆಟಿಕೆಯಂತೆ ಕಾಣುತ್ತದೆ. ಹತ್ತಿ ಕೂತರೆ ಅದರ ಜಾಣ್ಮೆ ಗೊತ್ತಾಗುವುದು. ಹೊಸಬರಿಗೆ ಕೊಡುವ ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ಚಿನ ಗೊಡವೆಯಿಲ್ಲ. ಬಲ ಹೆಬ್ಬೆರಳು ಒತ್ತುವ ಪುಟ್ಟ ಲಿವರೇ ಆಕ್ಸಿಲರೇಟರ್. ಕುಲುಕಾಟಕ್ಕೆ ಮುಂಗೈ ತಿರುಚಿ ವೇಗ ಏರಿಬಿಡುವ ಭಯವಿಲ್ಲ. ಕಡಿಮೆ ಗಾಳಿಯ ದಪ್ಪ ಟೈರುಗಳು ಬೇರು, ಕಲ್ಲುಗಳನ್ನು ಅಪ್ಪಿಕೊಂಡೇ ಏರುತ್ತವೆ. ಇಂಥ ಗಾಡಿಗಳ ಪೈಕಿ ಹೋಂಡಾ 1970ರಲ್ಲಿ ತಂದದ್ದು ಮೂರು ಚಕ್ರದ್ದು. ಆ ಬಗೆಯ ಗಾಡಿಗಳು ಮಗುಚುವುದಕ್ಕೇ ಹೆಸರಾದವು. 1980ರ ದಶಕದಲ್ಲಿ ಸುಜುಕಿ ನಾಲ್ಕನೆಯ ಚಕ್ರ ಕೊಟ್ಟಿತು. ಆದರೂ ತಿರುವಿನಲ್ಲಿ ಮೈ ಒಳಕ್ಕೆ ವಾಲಲೇಬೇಕು. ಅದನ್ನು ಮುಂದಿನ ಗಾಡಿಯ ಗೈಡ್ ಮಾತಿಲ್ಲದೆ ಕಲಿಸುತ್ತಾನೆ: ಅವನ ಬೆನ್ನು ಎತ್ತಲೋ ನಮ್ಮದೂ ಅತ್ತಲೇ. ಕಡಿದಾದ ಇಳಿಜಾರು ಬಂದಾಗ ಮಾತ್ರ ನಿಂತು, ತಿರುಗಿ ಹೇಳುತ್ತಾನೆ, 'ಹಿಂದಕ್ಕೆ ಸರಿದು ಕೂತ್ಕೊಳ್ಳಿ.'