ಹಾರುವ ಓತಿಯ ಬೆನ್ನು ಹತ್ತಿದ ಪರಂಪರೆ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಜೇನುತುಪ್ಪದ ವ್ಯವಹಾರದಿಂದ ಶುರುವಾಗಿ ಪ್ರಪಾತದ ಅಂಚಿನಲ್ಲಿ ಮುಗಿಯುತ್ತದೆ. ನಡುವೆ ಗದ್ದೆಯ ರಗಳೆ, ಮಂದಣ್ಣನ ಮದುವೆ, ಕಳ್ಳಭಟ್ಟಿ ಕೇಸು, ಜಮೀನು ಮಾರಿ ಎಲ್ಲಾದರೂ ಹೋಗಿಬಿಡೋಣ ಎನ್ನುವ ನಿರೂಪಕನ ಬೇಸರ. ಇಷ್ಟೆಲ್ಲದರ ಒಳಗಿಂದಲೇ, ಹಾರುವ ಓತಿಯನ್ನು ಹುಡುಕುವ, ಕನ್ನಡದ ದೊಡ್ಡ ಯಾತ್ರೆಯೊಂದು ಹೊರಡುತ್ತದೆ. ಇದನ್ನು ಪರಿಸರ ಕಾದಂಬರಿ ಎಂದು ಓದುವುದು ರೂಢಿ. ನನ್ನ ಮಟ್ಟಿಗೆ ಇದು ಅಧ್ಯಾತ್ಮದ ಕಾದಂಬರಿ.

ಸ್ಕಾಟ್ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡ್ 1858ರಲ್ಲಿ ಬರೆದ ‘ಫ್ಯಾಂಟಸ್ಟೀಸ್’ ಜೊತೆ ಇಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಇಪ್ಪತ್ತೊಂದು ತುಂಬಿದ ಅನೊಡೊಸ್ ಬೆಳಗಾಗುವಷ್ಟರಲ್ಲಿ ಕಿನ್ನರಲೋಕದಲ್ಲಿರುತ್ತಾನೆ. ಮಲಗುವ ಕೋಣೆಯಲ್ಲೇ ತೊರೆ ಹರಿದು ಕಾಡು ತೆರೆದುಕೊಳ್ಳುತ್ತದೆ. ದಾರಿಯಲ್ಲಿ ಒಂದು ಕಪ್ಪು ನೆರಳು ಅವನಿಗೆ ಅಂಟಿಕೊಳ್ಳುತ್ತದೆ. ಕೈಯಲ್ಲಿ ಅದ್ಭುತ ಆಟಿಕೆಗಳನ್ನು ಹಿಡಿದ ಒಂದು ಕಿನ್ನರ ಮಗು ಎದುರಾಗುತ್ತದೆ. ನೆರಳು ಬಿದ್ದದ್ದೇ ತಡ, ಅದು ಹುಲ್ಲಿನ ಟೋಪಿಯ ಸಾಮಾನ್ಯ ಹುಡುಗನಾಗುತ್ತದೆ, ಆಟಿಕೆಗಳು ಬರೀ ಗಾಜಿನ ಸಾಮಾನಾಗುತ್ತವೆ. ತಿಳಿವಳಿಕೆ ಬಂದಲ್ಲಿ ಬೆರಗು ಸಾಯುತ್ತದೆ ಎಂಬ ಭಯ ಆ ಪುಟಗಳ ತುಂಬ ಇದೆ. 1916ರಲ್ಲಿ ರೈಲು ನಿಲ್ದಾಣದ ಅಂಗಡಿಯಲ್ಲಿ ಅದನ್ನು ಕೊಂಡ ಲೇಖಕ ಸಿ.ಎಸ್. ಲೂಯಿಸ್ ಅವರ ಕಲ್ಪನೆಗೆ ದೀಕ್ಷೆ ಕೊಟ್ಟ ಪುಸ್ತಕವೂ ಅದೇ.

‘ಕರ್ವಾಲೊ’ದ ಮೂಡಿಗೆರೆಯ ಕಾಡಿಗೆ ಈ ಭಯವಿಲ್ಲ. ಇಲ್ಲಿ ವಿಜ್ಞಾನಿ ಕರ್ವಾಲೊ ಅವರೇ ಗುರು. ಛಾಯಾಗ್ರಾಹಕ ಪ್ರಭಾಕರನ ಕ್ಯಾಮೆರಾ ಯಾವ ಮಾಯೆಯನ್ನೂ ಕೆಡಿಸುವುದಿಲ್ಲ. ಯಕ್ಷ ಕಿನ್ನರರ ಬದಲು ಬಿರಿಯಾನಿ ಕರಿಯಪ್ಪ, ಎಂಗ್ಟ, ಕಿವಿ ಎಂಬ ನಾಯಿ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನಲ್ಲಿ ಕರ್ವಾಲೊ ಹುಟ್ಟು ಜೀವವಿಜ್ಞಾನಿಯನ್ನು ಕಾಣುತ್ತಾರೆ. ಒಬ್ಬ ಮನುಷ್ಯನನ್ನು ಸರಿಯಾಗಿ ನೋಡುವುದು ಇಲ್ಲಿ ಯಾತ್ರೆಯ ಮೊದಲ ಮೆಟ್ಟಿಲು. ಕೊನೆಗೆ, ಕೋಟ್ಯಂತರ ವರ್ಷಗಳನ್ನು ಬೆನ್ನ ಮೇಲೆ ಹೊತ್ತ ಹಾರುವ ಓತಿ ಕೈಗೆ ಸಿಕ್ಕೇಬಿಟ್ಟಿತು ಅನ್ನುವಾಗ ಕಣಿವೆಯೊಳಕ್ಕೆ ತೇಲಿಹೋಗುತ್ತದೆ. ಅದು ಸೋಲಿನಂತೆ ಓದಿಸಿಕೊಳ್ಳುವುದಿಲ್ಲ. ವಚನಕಾರ ಅಲ್ಲಮನ ಬಯಲನ್ನು ಬಲ್ಲ ಭಾಷೆಗೆ ಈ ಅಂತ್ಯವನ್ನು ವಿವರಿಸಿ ಹೇಳಬೇಕಿಲ್ಲ.

ಹಾರುವ ಓತಿ ಪಶ್ಚಿಮಘಟ್ಟದಲ್ಲಿ ನಿಜಕ್ಕೂ ಇದೆ. ಚಾಚಿದ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ರೆಕ್ಕೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ, ಇರುವೆ ತಿನ್ನುತ್ತದೆ, ಅಡಿಕೆ ತೋಟಗಳಲ್ಲೂ ಕಾಣಸಿಗುತ್ತದೆ. ಅಂಥ ಜೀವಿಯನ್ನು ತೇಜಸ್ವಿ ಸೃಷ್ಟಿಯ ರಹಸ್ಯದ ಬಾಗಿಲಾಗಿ ನಿಲ್ಲಿಸಿದರಲ್ಲ, ಅವರ ಪ್ರತಿಭೆಗೆ ನಾನು ಮಣಿಯುವುದು ಅಲ್ಲಿ.

ಈ ದಾರಿ ಅವರೊಬ್ಬರೇ ಕಡಿದದ್ದೂ ಅಲ್ಲ. ತೇಜಸ್ವಿಯವರ ತಂದೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿ ತನ್ನ ನಾಯಿ ಹುಲಿಯನೊಂದಿಗೆ ಕಾಡು ಹಾಯುತ್ತಾನೆ. ಹುಲಿಯ ಹೊಳೆಯ ಪಾಲಾಗುವ ಭಾಗ ಓದಿ ಕಣ್ಣು ಒದ್ದೆಯಾಗದವರು ಕಡಿಮೆ. ತಂದೆಯ ದರ್ಶನವನ್ನು ಮಗ ಜೀವವಿಕಾಸದ ಭಾಷೆಗೆ ತಂದರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯ ಸಾಹಿತ್ಯದಿಂದ ದೂರ ಸರಿದವರಿಗೆ ಈ ತಿರುವು ಸಹಜವಾಗಿತ್ತು.

ಆದರೆ ಈ ಪರಂಪರೆಯಲ್ಲಿ ನನ್ನನ್ನು ನೋಯಿಸುವ ಒಂದು ಕೊರತೆ ಇದೆ. ಕುವೆಂಪು ಕಾಡಿನಲ್ಲಿ ಹೆಣ್ಣು ನಡೆಯುತ್ತಾಳೆ; ಮದುವೆಯ ರಾತ್ರಿ ಮನೆ ಬಿಟ್ಟು ಕತ್ತಲೆಗೆ ಇಳಿದ ಚಿನ್ನಮ್ಮನ ಯಾತ್ರೆ ಯಾವ ಗಂಡಸಿನದಕ್ಕೂ ಕಮ್ಮಿಯಲ್ಲ. ‘ಕರ್ವಾಲೊ’ದಲ್ಲಿ ಓತಿಯನ್ನು ಹುಡುಕಿ ಹೊರಟ ತಂಡದಲ್ಲಿ ಒಬ್ಬಳೂ ಇಲ್ಲ. ಕಾಫಿ ತೋಟದಲ್ಲಿ ಹಣ್ಣು ಕೊಯ್ಯುವ, ಕಳೆ ತೆಗೆಯುವ ಹೆಂಗಸರಿಗೆ ಕಾಡಿನ ಅಂಚು ದಿನವೂ ತುಳಿಯುವ ನೆಲ. ಕಟ್ಟಿಗೆಗೆ, ಸೊಪ್ಪಿಗೆ, ಕಳಲೆಗೆ ಹೋದವರು ಕಂಡ ಕಾಡು ಈ ಮಹಾಕೃತಿಯ ಹೊರಗೇ ಉಳಿಯಿತು.

ಆಮೇಲೆ ಬಂದ ಕಾಡಿನ ಪುಸ್ತಕಗಳ ಮೇಲೆ ನನ್ನ ದೂರು ಬೇರೆ. ಹಕ್ಕಿಯ ಹೆಸರು, ಹಾವಿನ ಹೆಸರು, ಜಿಗಣೆ, ಮಳೆ, ತಮಾಷೆಯ ಹಳ್ಳಿಗರು, ಎಲ್ಲ ಇರುತ್ತವೆ. ಹೋದವನು ಹೋದಂತೆಯೇ ವಾಪಸು ಬರುತ್ತಾನೆ. ತೇಜಸ್ವಿಯವರ ಮಾಹಿತಿಯನ್ನೂ ಹಾಸ್ಯವನ್ನೂ ಕಲಿತವರು ಅವರ ತಳಮಳವನ್ನು ಕಲಿಯಲಿಲ್ಲ. ಕಳಸ, ಕುದುರೆಮುಖದ ಕಡೆಯ ಶೋಲಾ ಕಾಡುಗಳನ್ನು ಬರೆಯಲು ಹೊರಟವರು ಮೊದಲು ಆ ತಳಮಳದ ಪುಟಗಳನ್ನು ಮತ್ತೊಮ್ಮೆ ಓದಲಿ. ಜೊತೆಗೆ ಕಾಫಿ ತೋಟದ ಲೈನು ಮನೆಯ ಹೆಂಗಸೊಬ್ಬಳು ದಾರಿ ತೋರಿಸುವ ಕಾದಂಬರಿಯನ್ನು ಯಾರಾದರೂ ಬರೆಯಲಿ.